ದೊರೆ ಬಂಗಲೆಯಲ್ಲಿ ಕೈತಪ್ಪಿದ ಅತ್ತೆ

ಮಹಾನಗರವನ್ನು ನೋಡಿ ಬಂದು ಅದರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನೋಡದೆಯೇ ಹನ್ನೊಂದು ವರ್ಷ ಎಡೆಬಿಡದೆ ಮಾತಾಡಿದವರು ಬಹುಶಃ ಅಡ್ರೆಸ್ಸಪ್ಪನವರೊಬ್ಬರೇ.

ಸ್ವಲ್ಪವೂ ನೋಡಿರಲಿಲ್ಲ ಎಂದರೆ ಅನ್ಯಾಯವಾದೀತು. ಮದುವೆಗೆ ಮುಂಚೆ ಅಂಚೆ ಇಲಾಖೆಯವರು ಅವರನ್ನು ಮೂರು ತಿಂಗಳ ತರಬೇತಿಗೆಂದು ಅಲ್ಲಿಗೆ ಕಳಿಸಿದ್ದು ನಿಜ. ಆದರೆ ಮಲಗುವ ಕೋಣೆ ಮೇಲಿನ ಮಹಡಿಯಲ್ಲಿತ್ತು, ಪಾಠದ ಕೋಣೆ ಕೆಳಗಿನ ಮಹಡಿಯಲ್ಲಿತ್ತು, ಊಟದ ಮನೆ ನಡುವಿನ ಮಹಡಿಯಲ್ಲಿತ್ತು. ಹೀಗಾಗಿ ಅವರು ಕಂಡ ಮಹಾನಗರವೆಂದರೆ ಒಂದು ಮೆಟ್ಟಿಲಸಾಲು. ಮೊದಲ ಭಾನುವಾರ ಧೈರ್ಯ ಮಾಡಿ ಹೊರಗೆ ಹೋದರು. ಎದುರಿನ ರಸ್ತೆ ದಾಟೋಣವೆಂದು ನಿಂತರು. ನಿಂತೇ ಇದ್ದರು. ಊಟದ ಗಂಟೆ ಕೇಳಿಸಿದಾಗ ಬದುಕಿದೆಯಾ ಬಡಜೀವವೇ ಎಂದು ಒಳಕ್ಕೆ ಬಂದರು. ಮುಂದಿನ ಭಾನುವಾರಗಳಂದು ಬಟ್ಟೆ ಒಗೆದುಕೊಂಡರು.

ಊರಿಗೆ ಹಿಂತಿರುಗಿದ ಮೇಲೆ ತರಬೇತಿಯಲ್ಲಿ ಏನು ಕಲಿತಿರಿ ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ಮಹಾನಗರ ಹೇಗಿದೆ?" ಮೆಟ್ಟಿಲಸಾಲಿನ ವರ್ಣನೆಯನ್ನು ಎಷ್ಟು ಹೊತ್ತು ಮಾಡಲಾದೀತು? ಅಡ್ರೆಸ್ಸಪ್ಪನವರು ಮೊದಲ ದಿನ ಅಗಲವಾದ ರಸ್ತೆಗಳನ್ನು ಹೇಳಿದರು. ಮರುದಿನ ಅವುಗಳ ಎರಡೂ ಬದಿಗೆ ಕಲ್ಲಿನ ಕಟ್ಟಡಗಳನ್ನು ನಿಲ್ಲಿಸಿದರು. ವಾರದೊಳಗೆ ಹೊರದೇಶದ ದೊರೆಗಳು ಕಟ್ಟಿಸಿ ಬಿಟ್ಟುಹೋದ ಅರಮನೆ, ಗಡಿಯಾರದ ಗೋಪುರ, ಬಂದರುಕಟ್ಟೆ ಎಲ್ಲವೂ ತಲೆ ಎತ್ತಿದವು. ದೊರೆಗಳು ನೂರೈವತ್ತು ವರ್ಷ ಹೆಣಗಾಡಿ ಕಟ್ಟಿದ್ದನ್ನು ಅಡ್ರೆಸ್ಸಪ್ಪನವರು ಒಂದು ವಾರದಲ್ಲಿ, ಕುಳಿತಲ್ಲೇ, ಮುಗಿಸಿದ್ದರು.

ಕೇಳುವವರು ಕ್ರಮೇಣ ಕಡಿಮೆಯಾದರು. ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಹೆಂಡತಿ ಎರಡನೆಯ ವರ್ಷಕ್ಕೇ ಆಕಳಿಸತೊಡಗಿದಳು. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರು. ಕೊನೆಗೆ ಉಳಿದವರು ಅತ್ತೆ ಒಬ್ಬರೇ. ಮಗಳ ಮದುವೆಯಾದಾಗಿನಿಂದ ಇವರ ಜೊತೆಗೇ ಇದ್ದ ಆಕೆ ಸಾಯಂಕಾಲ ತರಕಾರಿ ಹೆಚ್ಚುತ್ತ, "ಹೌದಾ? ಆಮೇಲೆ?" ಎಂದು ಕೇಳುತ್ತಿದ್ದರು. ತಾನು ಹೇಳಿದ್ದನ್ನು ಪೂರ್ತಿ ನಂಬುವ ಒಂದು ಜೀವ ಮನೆಯಲ್ಲಿರುವುದು ಗಂಡಸಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಆ ಆಸರೆಗೇ ಸಂಚಕಾರ ಬಂತು. ಹೆಂಡತಿಯ ಅಣ್ಣ, ಅಂದರೆ ಭಾವನವರು, ಮಹಾನಗರದಲ್ಲಿ ವಿಮಾ ಕಂಪನಿಯ ಅಧಿಕಾರಿ. ಯಾವ ಗೋದಾಮಿಗೆ ಬೆಂಕಿ ಬೀಳಬಹುದು, ಯಾವ ಹಡಗು ಮುಳುಗಬಹುದು, ಯಾರು ಯಾವಾಗ ಜಾರಿ ಬೀಳಬಹುದು ಎಂದು ಮೊದಲೇ ಲೆಕ್ಕ ಹಾಕುವುದು ಅವರ ಉದ್ಯೋಗ. ತಂಗಿಯ ಗಂಡನನ್ನು ಮದುವೆಯ ದಿನವೇ ಅಳೆದು ನೋಡಿದ್ದರು. ಆ ಅಳತೆಯನ್ನು ಬದಲಿಸಲು ಆಮೇಲೆ ಕಾರಣ ಸಿಕ್ಕಿರಲಿಲ್ಲ. ಅವರು ಫೋನ್ ಮಾಡಿ ಹೇಳಿದರು:

"ಅಮ್ಮನಿಗೆ ವಯಸ್ಸಾಯ್ತು ಭಾವ. ಇನ್ನು ನನ್ನ ಹತ್ತಿರಾನೇ ಇರ್ಲಿ. ಗುರುವಾರ ಕರ್ಕೊಂಡು ಬನ್ನಿ. ನಾನು ಆಫೀಸಿನಿಂದ ಬರೋದು ಸಾಯಂಕಾಲ ಆಗತ್ತೆ. ಸ್ಟೇಷನ್‌ನಿಂದ ಸೀದಾ ಮನೆಗೆ ಬನ್ನಿ. ಸೀದಾ ಅಂದ್ರೆ ಸೀದಾ. ಅರ್ಥ ಆಯ್ತಲ್ಲ?"

ಮನೆಯಲ್ಲಿ ಎಲ್ಲರ ಮುಖ ಬಾಡಿತು. ಇಬ್ಬರು ಹೆಣ್ಣುಮಕ್ಕಳೂ ಅಜ್ಜಿಯ ಎರಡು ಕಡೆ ಜೋತುಬಿದ್ದು ಅತ್ತರು. ಅತ್ತೆ ಮಾತ್ರ ಸಮಾಧಾನದಿಂದ, "ಹೋಗಿ ಊರು ನೋಡ್ತೀನಿ. ನೋಡಿ ಆಮೇಲೆ ಹೇಳ್ತೀನಿ" ಎಂದರು.

"ಊರೇನು ಅತ್ತೆ, ನಾನೇ ತೋರಿಸ್ತೀನಿ. ನನಗೆ ಅಂಗೈ ಗೆರೆ ಇದ್ದ ಹಾಗೆ" ಎಂದು ಅಡ್ರೆಸ್ಸಪ್ಪನವರ ಬಾಯಿಂದ ಮಾತು ಜಾರಿತು. ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಅಷ್ಟರಲ್ಲಿ ಅತ್ತೆ ಕಂದು ಶಾಲನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ರೈಲು ಇಳಿದು ನಿಲ್ದಾಣದ ಹೊರಗೆ ಬಂದಾಗ, ಅಡ್ರೆಸ್ಸಪ್ಪನವರು ಹನ್ನೊಂದು ವರ್ಷಗಳಿಂದ ಎಡಗಡೆಗೆ ನಿಲ್ಲಿಸಿದ್ದ ಗಡಿಯಾರದ ಗೋಪುರ ಅಲ್ಲಿರಲಿಲ್ಲ. ಅಲ್ಲಿ ಚಪ್ಪಲಿ ಅಂಗಡಿ ಇತ್ತು.

"ಗೋಪುರ ಎಲ್ಲಿ ಅಳಿಯಂದ್ರೇ?"

"ಅದು... ತೆಗೆದುಬಿಟ್ಟಿದಾರೆ ಅತ್ತೆ."

"ಅಯ್ಯೋ, ಅಷ್ಟು ದೊಡ್ಡದನ್ನ ತೆಗೆದು ಎಲ್ಲಿಟ್ಟರೋ."

ಆಗ ಬಲಗಡೆಯಿಂದ ಗಡಿಯಾರ ಢಣ್ ಢಣ್ ಎಂದು ಇಡೀ ರಸ್ತೆಗೆ ಕೇಳುವಂತೆ ಹೊಡೆಯಿತು. ಅಡ್ರೆಸ್ಸಪ್ಪನವರು ಕೇಳಿಸಿಕೊಳ್ಳದವರಂತೆ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಎಲ್ಲೋ ಹತ್ತಿರಾನೇ ಇಟ್ಟಿರಬೇಕು" ಎಂದರು ಅತ್ತೆ.

ಆ ಮೇಲೆ ನಡೆದದ್ದನ್ನೆಲ್ಲ ಬರೆಯುತ್ತ ಕೂತರೆ ಓದುವವರಿಗೂ ಕಾಲು ನೋಯುತ್ತದೆ. ಬಂದರುಕಟ್ಟೆಯ ಕಡೆಗೆಂದು ಹೊರಟು ಮರದ ದಿಮ್ಮಿಗಳ ಮಂಡಿಗೆ ಹೋದರು. ಅಲ್ಲಿಂದ ಕಮಾನುಗಳಿರುವ ಬೀದಿಗೆಂದು ಹೊರಟು ಪುನಃ ಅದೇ ಮಂಡಿಗೆ ಬೇರೆ ಬಾಗಿಲಿನಿಂದ ಬಂದರು. "ಇಲ್ಲಿ ಮರದ ವ್ಯಾಪಾರ ಜಾಸ್ತಿ ಅಂತ ಕಾಣತ್ತೆ" ಎಂದರು ಅತ್ತೆ. ಕೊನೆಗೆ ದೇವರೇ ದಾರಿ ತೋರಿಸಿದಂತೆ ಎದುರಿಗೆ ದೊಡ್ಡ ಕಬ್ಬಿಣದ ಗೇಟು, ಎರಡು ಕಲ್ಲಿನ ಸಿಂಹ, ಅದರ ಹಿಂದೆ ಬಿಳಿ ಕಂಬಗಳ ಬಂಗಲೆ ಕಾಣಿಸಿತು. ಒಂದು ಕಾಲದಲ್ಲಿ ಹೊರದೇಶದ ದೊರೆ ವಾಸವಾಗಿದ್ದ ಮನೆ, ಈಗ ವಸ್ತುಸಂಗ್ರಹಾಲಯ ಎಂದು ಫಲಕ ಹೇಳುತ್ತಿತ್ತು. ಫಲಕವನ್ನು ಓರೆಗಣ್ಣಿನಲ್ಲಿ ಓದಿಕೊಂಡು ಅಡ್ರೆಸ್ಸಪ್ಪನವರು ಕೈ ಚಾಚಿದರು: "ನೋಡಿ ಅತ್ತೆ, ಇಲ್ಲಿಗೇ ನಿಮ್ಮನ್ನ ಕರ್ಕೊಂಡು ಬರ್ತಾ ಇದ್ದದ್ದು."

ಒಳಗೆ ಕಾಲಿಟ್ಟದ್ದೇ ಅವರ ಗಂಟಲು ತೆರೆದುಕೊಂಡಿತು. ಗೋಡೆಯ ತುಂಬ ಚಿತ್ರಗಳು. ಚಿತ್ರಗಳ ತುಂಬ ದೊರೆಗಳು.

"ಇವನು ಮೊದಲನೇ ದೊರೆ. ಪಕ್ಕದಲ್ಲಿರೋನು ಅವನ ಹೆಂಡತಿಯ ಅಣ್ಣ. ಅದಕ್ಕೇ ನೋಡಿ, ಇವನ ಮುಖ ಹಾಗಿದೆ."

ಹಿಂದೆ ಯಾರೋ ನಕ್ಕರು. ತಿರುಗಿ ನೋಡಿದರೆ ಪ್ರವಾಸಕ್ಕೆ ಬಂದಿದ್ದ ಒಂದು ಸಂಸಾರ, ಅವರ ಹಿಂದೆ ಇಬ್ಬರು ನಿವೃತ್ತ ಮೇಷ್ಟರು, ಒಬ್ಬ ನವವಿವಾಹಿತ, ಅವನ ಹೆಂಡತಿ. "ಹೇಳಿ ಹೇಳಿ ಸಾರ್, ಚೆನ್ನಾಗಿ ಹೇಳ್ತೀರ" ಎಂದ ನವವಿವಾಹಿತ. ಹನ್ನೊಂದು ವರ್ಷಗಳಲ್ಲಿ ಒಬ್ಬರಿಗಿಂತ ಹೆಚ್ಚು ಕೇಳುಗರು ಸಿಕ್ಕಿದ್ದು ಅದೇ ಮೊದಲು. ಅಡ್ರೆಸ್ಸಪ್ಪನವರಿಗೆ ರೆಕ್ಕೆ ಬಂತು.

ಸ್ನಾನದ ಕೋಣೆಯಲ್ಲಿ ನಾಲ್ಕು ಹಿತ್ತಾಳೆ ಕಾಲುಗಳ ಮೇಲೆ ನಿಂತಿದ್ದ ತೊಟ್ಟಿಯನ್ನು ತೋರಿಸಿ, "ದೊರೆ ತೆರಿಗೆ ಹಾಕ್ತಾ ಇದ್ದದ್ದು ಇದರೊಳಗೆ ಕೂತು. ನೀರು ತಣ್ಣಗಾದಷ್ಟೂ ತೆರಿಗೆ ಏರ್ತಾ ಇತ್ತು. ಬಿಸಿನೀರು ಕಾಯಿಸೋನು ಒಂದು ದಿನ ರಜಾ ಹಾಕಿದ್ದಕ್ಕೆ ಇಡೀ ಜಿಲ್ಲೆ ಗುಳೆ ಎದ್ದು ಹೋಯ್ತು" ಎಂದರು. ನಿವೃತ್ತ ಮೇಷ್ಟರಲ್ಲಿ ಒಬ್ಬರು ತಲೆದೂಗಿದರು. ಕೋಣೆಯಿಂದ ಕೋಣೆಗೆ ಜನ ಹೆಚ್ಚಿದರು. ಅಡ್ರೆಸ್ಸಪ್ಪನವರು ಮುಂದೆ ಮುಂದೆ, ಹಿಂದೆ ನೋಡದೆ, ಕೈ ಬೀಸುತ್ತ, ಊಟದ ಹಜಾರ ದಾಟಿ, ನೃತ್ಯದ ಹಜಾರ ದಾಟಿ, ಬಂದೂಕುಗಳ ಕೋಣೆಯ ಕೊನೆಗೆ ಬಂದು, "ಇನ್ನು ಇದರ ವಿಷಯ ನಮ್ಮ ಅತ್ತೆಯವರಿಗೆ ಚೆನ್ನಾಗಿ ಗೊತ್ತು, ಮನೇಲಿ ಹೇಳಿದ್ದೆ. ಅಲ್ವಾ ಅತ್ತೆ?" ಎಂದು ತಿರುಗಿದರು.

ಹತ್ತಿಪ್ಪತ್ತು ಮುಖಗಳು ಅವರನ್ನೇ ನೋಡುತ್ತಿದ್ದವು. ಅತ್ತೆಯ ಮುಖವೊಂದು ಬಿಟ್ಟು.

ಅಡ್ರೆಸ್ಸಪ್ಪನವರು ಬಂದ ದಾರಿಯಲ್ಲೇ ಓಡಿದರು. ಜನವೂ ಹಿಂದೆಯೇ ಓಡಿತು. ಗೈಡು ಓಡುತ್ತಿದ್ದಾರೆಂದರೆ ನೋಡತಕ್ಕದ್ದು ಏನೋ ಇರಬೇಕು. ನೃತ್ಯದ ಹಜಾರದಲ್ಲಿ ಇಲ್ಲ. ಊಟದ ಹಜಾರದಲ್ಲಿ ಇಲ್ಲ. ತೊಟ್ಟಿಯೊಳಗೆ ಇಣುಕಿದರು. ಜನವೂ ಇಣುಕಿತು.

"ಸಾರ್, ಇದನ್ನ ಆಗಲೇ ನೋಡಿದ್ವಲ್ಲ?" ಎಂದ ನವವಿವಾಹಿತ.

"ನಮ್ಮ ಅತ್ತೆ ಕಾಣ್ತಾ ಇಲ್ಲ ಕಣ್ರೀ!"

ನವವಿವಾಹಿತ ಹೊಟ್ಟೆಕಿಚ್ಚೋ ಅನುಕಂಪವೋ ತಿಳಿಯದ ಕಣ್ಣಿನಿಂದ ಅವರನ್ನು ನೋಡಿದ.

ಮುಂಬಾಗಿಲ ಪಕ್ಕದ ವಿಚಾರಣೆ ಕಟ್ಟೆಯ ಹಿಂದೆ ಒಬ್ಬ ಮಹಿಳಾ ಅಧಿಕಾರಿ ಸ್ವೆಟರ್ ಹೆಣೆಯುತ್ತ ಕುಳಿತಿದ್ದರು. ಸ್ವೆಟರಿನ ಒಂದು ತೋಳು ಮುಗಿದಿತ್ತು. ಅಡ್ರೆಸ್ಸಪ್ಪನವರು ಏದುಸಿರು ಬಿಡುತ್ತ ಹೇಳಿದ್ದನ್ನು ಕೇಳಿ, ಕಡ್ಡಿಗಳನ್ನು ಕೆಳಗಿಟ್ಟು, ಮೈಕು ಹತ್ತಿರಕ್ಕೆ ಎಳೆದುಕೊಂಡರು.

"ಗಾಬರಿ ಆಗ್ಬೇಡಿ. ದಿನಾ ಯಾರೋ ಒಬ್ಬರು ಕಳೆದುಹೋಗ್ತಾನೇ ಇರ್ತಾರೆ. ಕೂಗಿ ಕರೆದುಬಿಡೋಣ. ಅವರ ಹೆಸರು ಹೇಳಿ."

"ಅತ್ತೆ."

"ಅದು ಸಂಬಂಧ ಆಯ್ತು. ಹೆಸರು?"

ಅಡ್ರೆಸ್ಸಪ್ಪನವರು ಬಾಯಿ ತೆರೆದರು. ತೆರೆದೇ ಇದ್ದರು. ಮದುವೆಯ ಕರೆಯೋಲೆಯಲ್ಲಿ ಮಾವನವರ ಹೆಸರಿನ ಮುಂದೆ 'ಶ್ರೀಮತಿ ಮತ್ತು ಶ್ರೀ' ಎಂದು ಅಚ್ಚಾಗಿತ್ತು. ಮನೆಯಲ್ಲಿ ಹೆಂಡತಿ ಅಮ್ಮ ಎನ್ನುತ್ತಿದ್ದಳು, ಮಕ್ಕಳು ಅಜ್ಜಿ ಎನ್ನುತ್ತಿದ್ದರು, ಹಾಲಿನವನು ದೊಡ್ಡಮ್ಮ ಎನ್ನುತ್ತಿದ್ದ, ಬೀದಿಯವರು ಮೇಡಮ್ಮನ ತಾಯಿ ಎನ್ನುತ್ತಿದ್ದರು. ಇಷ್ಟೆಲ್ಲ ಜನ ಕರೆಯುತ್ತಿದ್ದರೂ ಹೆಸರು ಹಿಡಿದು ಒಬ್ಬರಾದರೂ ಕರೆದಿರಲಿಲ್ಲ.

"ಹೆಸರು... ಇದೆ ಮೇಡಂ. ಇದ್ದೇ ಇರತ್ತೆ."

"ಎಷ್ಟು ವರ್ಷ ಆಯ್ತು ಮದುವೆ ಆಗಿ?"

"ಹನ್ನೊಂದು."

"ಹನ್ನೊಂದು ವರ್ಷದಿಂದ ಬೇರೆ ಕಡೆ ಇದ್ರಾ ಅವರು?"

"ನಮ್ಮನೇಲೇ."

ಅಧಿಕಾರಿ ಕನ್ನಡಕವನ್ನು ತೆಗೆದು, ಒರೆಸಿ, ಪುನಃ ಹಾಕಿಕೊಂಡು ಅಡ್ರೆಸ್ಸಪ್ಪನವರನ್ನು ಹೊಸದಾಗಿ ನೋಡಿದರು. "ಹೋಗ್ಲಿ, ಗುರುತು ಹೇಳಿ. ಎತ್ತರ?"

"ನಿಂತಾಗ ಅಷ್ಟಾಗಿ ನೋಡಿಲ್ಲ. ಕೂತಾಗ ಇಷ್ಟು."

"ಶಾಲು, ಗೀಲು?"

"ಕಂದು. ಅಥವಾ... ಬೂದು ಇರಬಹುದು. ಬಿಸಿಲಲ್ಲಿ ಕಂದು ಕಂಡಿತ್ತು."

"ಬೇರೆ ಏನಾದರೂ ವಿಶೇಷ ಗುರುತು?"

"ತುಂಬಾ ಒಳ್ಳೆಯವರು."

ಅಧಿಕಾರಿ ಮೈಕನ್ನು ದೂರ ತಳ್ಳಿದರು. "ನೋಡಿ, ಹೆಸರಿಲ್ಲದೆ ಕೂಗೋಕೆ ನಮ್ಮಲ್ಲಿ ನಿಯಮ ಇಲ್ಲ."

ದಿನವೂ ಅಂಚೆ ಕಚೇರಿಯಲ್ಲಿ ಕೂತು, ಹೆಸರು, ಅಡ್ರೆಸ್ಸು ಸರಿಯಿಲ್ಲದ ಕಾಗದಗಳನ್ನು ಕಳಿಸಿದವರಿಗೇ ಹಿಂತಿರುಗಿಸುವುದು ಅಡ್ರೆಸ್ಸಪ್ಪನವರ ಕೆಲಸ. ಅವರಿಗೆ ಆ ಅಡ್ಡಹೆಸರು ಬಂದದ್ದೇ ಅದರಿಂದ. ಆದ್ದರಿಂದ ಅವರು ತಲೆ ತಗ್ಗಿಸಿ, "ನೀವು ಹೇಳೋದು ನ್ಯಾಯ ಮೇಡಂ. ನಾನೂ ಹೀಗೇ ಹೇಳ್ತೀನಿ" ಎಂದರು. ಆದರೆ ಈ ಪ್ರಕರಣದಲ್ಲಿ ಕಳಿಸಿದವರು ಹೆಂಡತಿ. ಅವಳಿಗೆ ಏನನ್ನು ಹಿಂತಿರುಗಿಸುವುದು?

"ಹೆಂಡತಿಗೆ ಫೋನ್ ಮಾಡಿ ಕೇಳಿ" ಎಂದರು ಅಧಿಕಾರಿ.

ಕಳೆದುಹೋದ ಸುದ್ದಿ ಹೇಳದೆ ಹೆಸರು ಮಾತ್ರ ಹೊರಡಿಸಬೇಕು. ಅಡ್ರೆಸ್ಸಪ್ಪನವರು ಕಂಬದ ಹಿಂದೆ ಹೋಗಿ, ಗಂಟಲು ಸರಿಮಾಡಿಕೊಂಡು, ಫೋನ್ ಹಚ್ಚಿದರು.

"ಏನಿಲ್ಲ ಕಣೇ, ಸುಮ್ನೆ ಮಾಡ್ದೆ. ಎಲ್ಲಾ ಚೆನ್ನಾಗಿದೆ. ಊರು ನೋಡ್ತಾ ಇದೀವಿ. ಅಂದ ಹಾಗೆ, ನಿಮ್ಮಮ್ಮನ ಹೆಸರೇನು?"

ಆ ಕಡೆ ಪಾತ್ರೆಯೊಂದು ಕೆಳಗೆ ಬಿದ್ದ ಸದ್ದಾಯಿತು.

"ಏನಂದ್ರಿ?"

"ಹೆಸರು. ಇಲ್ಲಿ ಟಿಕೆಟ್ ಕೊಡೋರು ಸುಮ್ನೆ ಕೇಳಿದ್ರು."

"ನಮ್ಮಮ್ಮನ ಹೆಸರು ನಿಮಗೆ ಗೊತ್ತಿಲ್ವಾ?"

"ಗೊತ್ತು. ಗೊತ್ತಿಲ್ಲ ಅಂತ ಯಾರಂದ್ರು? ನೀನು ಹೇಳೋದೂ ನಾನು ಅಂದ್ಕೊಂಡಿರೋದೂ ಒಂದೇನಾ ಅಂತ ನೋಡೋಣ ಅಂತ..."

"ಹನ್ನೊಂದು ವರ್ಷ ಬೇಯಿಸಿ ಹಾಕಿದಾರ್ರೀ ಅವರು ನಿಮಗೆ!"

"ಏನಂತೆ, ಏನಂತೆ?" ಎಂದು ಹಿನ್ನೆಲೆಯಲ್ಲಿ ಪಕ್ಕದ ಮನೆಯಾಕೆಯ ದನಿ ಕೇಳಿಸಿತು. "ಇವರಿಗೆ ನಮ್ಮಮ್ಮನ ಹೆಸರೇ ಗೊತ್ತಿಲ್ವಂತೆ ಕಣ್ರೀ" ಎಂದಳು ಹೆಂಡತಿ. "ಅಯ್ಯೋ ಶಿವನೇ! ನಿಮ್ಮ ಹೆಸರಾದ್ರೂ ಗೊತ್ತಿದೆಯಾ ಕೇಳಿ" ಎಂದಳು ಆಕೆ. ಹೆಂಡತಿ ಕೇಳಲಿಲ್ಲ. ಬಿಕ್ಕುವ ಸದ್ದಾಯಿತು, ಫೋನ್ ಕಟ್ಟಾಯಿತು. ಹೆಸರು ಮಾತ್ರ ಬರಲಿಲ್ಲ.

ಮತ್ತೆ ಮಾಡಿದರೆ ಫೋನ್ ಎತ್ತಲಿಲ್ಲ. ಅವಳು ಬೇರೆ ಯಾರೊಂದಿಗೋ ಮಾತಾಡುತ್ತಿದ್ದಳು. ಆ ಬೇರೆ ಯಾರೋ ಎಂದರೆ ಅವಳ ಅಣ್ಣ ಎಂದು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಆದರೆ ಅಷ್ಟು ಬುದ್ಧಿಯೂ ಆ ಹೊತ್ತಿನಲ್ಲಿ ಅಡ್ರೆಸ್ಸಪ್ಪನವರ ಬಳಿ ಉಳಿದಿರಲಿಲ್ಲ.

ಅವರ ಮುಖ ನೋಡಿ ಅಧಿಕಾರಿಗೆ ಕರುಣೆ ಬಂತು. "ಆಯ್ತು, ನಿಮ್ಮ ಹೆಸರು ಹೇಳಿ ಕೂಗ್ತೀನಿ. ಇಂಥಾ ಊರಿನ ಇಂಥವರ ಅತ್ತೆ ಅಂತ."

ಅಡ್ರೆಸ್ಸಪ್ಪನವರು ಸುತ್ತ ನೋಡಿದರು. ನಿವೃತ್ತ ಮೇಷ್ಟರು, ಸಂಸಾರ, ನವದಂಪತಿ ಎಲ್ಲರೂ ಗೌರವದಿಂದ ಕಾಯುತ್ತ ನಿಂತಿದ್ದರು. ಇವರ ಎದುರಿಗೆ, ಮೈಕಿನಲ್ಲಿ, ಊರಿನ ಹೆಸರಿನ ಸಮೇತ! "ಬೇಡ ಮೇಡಂ. ನನ್ನ ಹೆಸರು ಬೇಡ. ಸುಮ್ನೆ ಅತ್ತೆ ಅಂತ ಕೂಗಿ. ನನ್ನ ಅತ್ತೆ ಅಂತ ಅವರಿಗೆ ಗೊತ್ತಲ್ಲ."

ಅಧಿಕಾರಿ ನಿಟ್ಟುಸಿರು ಬಿಟ್ಟು ಮೈಕು ತೆಗೆದುಕೊಂಡರು. ದೊರೆಯ ಬಂಗಲೆಯ ಒಂದೊಂದು ಕೋಣೆಯಲ್ಲೂ, ತೋಟದಲ್ಲೂ, ಹಿತ್ತಲಲ್ಲೂ ಅವರ ದನಿ ಮೊಳಗಿತು:

"ಗಮನಿಸಿ. ಅತ್ತೆಯವರೊಬ್ಬರು ಅಳಿಯನ ಕೈತಪ್ಪಿ ಹೋಗಿದ್ದಾರೆ. ಸದರಿ ಅತ್ತೆಯವರು ಎಲ್ಲಿದ್ದರೂ ಕೂಡಲೇ ಮುಂಬಾಗಿಲಿಗೆ ಬರಬೇಕು. ಅಳಿಯ ಅಳುತ್ತಿದ್ದಾರೆ."

"ನಾನೆಲ್ಲಿ ಅಳ್ತಾ ಇದೀನಿ?" ಎಂದರು ಅಡ್ರೆಸ್ಸಪ್ಪನವರು.

"ಹಾಗಂದ್ರೆ ಬೇಗ ಬರ್ತಾರೆ" ಎಂದರು ಅಧಿಕಾರಿ.

ಬಂದರು. ಆದರೆ ಒಬ್ಬರಲ್ಲ. ಮೊದಲು ಊರುಗೋಲಿನ ಒಬ್ಬ ಅತ್ತೆ ಮೆಟ್ಟಿಲಿಳಿದು ಬಂದರು. ಅವರ ಹಿಂದೆ ಚಿತ್ರಗಳ ಹಜಾರದಿಂದ ಇಬ್ಬರು, ತೋಟದಿಂದ ಮೂವರು. ದಪ್ಪ ಕನ್ನಡಕದ ಅಜ್ಜಿಯೊಬ್ಬರು ಸೀದಾ ಬಂದು ಅಡ್ರೆಸ್ಸಪ್ಪನವರ ಗಲ್ಲ ಸವರಿ, "ಇದೇನಪ್ಪ, ಇಷ್ಟು ಸಣ್ಣಗಾಗಿಬಿಟ್ಟಿದೀಯ? ನಮ್ಮ ಹುಡುಗಿ ಊಟ ಹಾಕಲ್ವಾ?" ಎಂದು ಕಣ್ಣೊರೆಸಿಕೊಂಡರು.

"ನಾನು ನಿಮ್ಮ ಅಳಿಯ ಅಲ್ಲಮ್ಮ!"

"ಸಿಟ್ಟು ಮಾತ್ರ ಹಾಗೇ ಇದೆ" ಎಂದರು ಅಜ್ಜಿ.

ಇನ್ನೊಬ್ಬರು, "ಬಂದ್ರಾ? ಎಲ್ಲಿ? ನಾಲ್ಕು ವರ್ಷ ಆಯ್ತು ಮುಖ ತೋರಿಸದೆ. ಅಂತೂ ಅಳ್ತಾ ಬಂದ್ರಲ್ಲ!" ಎಂದು ಕಂಬಗಳ ಹಿಂದೆಲ್ಲ ಹುಡುಕತೊಡಗಿದರು. ಅಷ್ಟರಲ್ಲಿ ಅಳಿಯಂದಿರೂ ಬರತೊಡಗಿದರು. ಒಬ್ಬ ಓಡುತ್ತ ಬಂದು, "ನಮ್ಮ ಅತ್ತೆ ಇಲ್ಲಿಗೂ ಬಂದಿಲ್ಲ ತಾನೆ? ಮನೇಲಿ ಮಲಗಿದಾರೆ ಅಂತ ನೋಡ್ಕೊಂಡೇ ಹೊರಟಿದ್ದೆ" ಎಂದು ಬೆವರು ಒರೆಸಿಕೊಂಡ. ಇನ್ನೊಬ್ಬ ಅಡ್ರೆಸ್ಸಪ್ಪನವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಹೇಗೆ ಮಾಡಿದ್ರಿ ಸಾರ್?" ಎಂದು ಕೇಳಿದ.

ಊರುಗೋಲಿನ ಅತ್ತೆ ಎಲ್ಲರ ಮುಖಂಡತ್ವ ವಹಿಸಿದರು. "ಕರ್ಕೊಂಡು ಬಂದೋನು ನೋಡ್ಕೋಬೇಕಾ ಬೇಡ್ವಾ? ನೀವೇ ಹೇಳಿ."

"ಹೆಸರೂ ಗೊತ್ತಿಲ್ವಂತೆ" ಎಂದರು ಅಧಿಕಾರಿ, ಸ್ವೆಟರ್ ಕೈಗೆತ್ತಿಕೊಳ್ಳುತ್ತ.

"ಹಾಂ!" ಎಂದಿತು ಅತ್ತೆಯರ ಸಮೂಹ. ಅಳಿಯಂದಿರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ನವವಿವಾಹಿತ ಹೆಂಡತಿಯ ಕಿವಿಯಲ್ಲಿ ಅವಸರದಿಂದ ಏನೋ ಕೇಳಿ, ಅವಳು ಹೇಳಿದ್ದನ್ನು ಬಾಯಿಪಾಠ ಮಾಡತೊಡಗಿದ.

ಈ ಗದ್ದಲದ ನಡುವೆ ಗೇಟಿನಲ್ಲಿ ಕಾರು ನಿಂತಿತು. ಕತ್ತಿಗೆ ಟೈ, ಕೈಯಲ್ಲಿ ಕೊಡೆ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಆದರೂ ಭಾವನವರು ಅಪಾಯವನ್ನು ಹಗುರವಾಗಿ ಕಾಣುವವರಲ್ಲ.

"ಭಾವ! ಸೀದಾ ಮನೆಗೆ ಬನ್ನಿ ಅಂದಿದ್ದೆ. ತಂಗಿ ಅಳ್ತಾ ಫೋನ್ ಮಾಡಿದ್ಲು. ಸ್ಟೇಷನ್ ಹತ್ತಿರ ಟಿಕೆಟ್ ತಗೊಂಡು ನೋಡೋ ಜಾಗ ಇದೊಂದೇ ಅಂತ ಇಲ್ಲಿಗೆ ಓಡಿ ಬಂದೆ. ಏನಿದೆಲ್ಲ? ಅಮ್ಮ ಎಲ್ಲಿ?"

ಅಡ್ರೆಸ್ಸಪ್ಪನವರು ಊರುಗೋಲಿನ ಅತ್ತೆಯನ್ನು ನೋಡಿದರು, ಕನ್ನಡಕದ ಅಜ್ಜಿಯನ್ನು ನೋಡಿದರು, ಎಲ್ಲ ಅತ್ತೆಯರನ್ನೂ ಒಂದು ಸುತ್ತು ನೋಡಿದರು. "ಇಲ್ಲೇ ಎಲ್ಲೋ ಇದಾರೆ ಭಾವ. ಹತ್ತಿರ ಹತ್ತಿರ ಬರ್ತಾ ಇದೀವಿ."

"ಕಳಕೊಂಡ್ರಾ?" ಭಾವನವರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ನನಗೆ ಗೊತ್ತಿತ್ತು! ಹನ್ನೊಂದು ವರ್ಷದ ಹಿಂದೇನೇ ಗೊತ್ತಿತ್ತು! ಒಂದು ದಿನ, ಒಂದೇ ದಿನ ಸರಿಯಾಗಿ ನೋಡ್ಕೊಳೋಕೆ ಆಗಲಿಲ್ಲ. ಇನ್ನು ಮುಂದೆ ಅಮ್ಮ ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ. ಇಲ್ಲೇ. ನನ್ನ ಕಣ್ಣೆದುರಿಗೆ. ಮುಗೀತು."

ಅಡ್ರೆಸ್ಸಪ್ಪನವರಿಗೆ ಆ ಮಾತು ಕೇಳಿಸಿದ್ದು ಅರ್ಧ ಮಾತ್ರ. ಗೇಟಿನ ಆಚೆ ಬಸ್ಸು, ಲಾರಿ, ಕಾರುಗಳು ಒಂದರ ಹಿಂದೊಂದು ಬರ್ರನೆ ಹೋಗುತ್ತಿದ್ದವು. ಅತ್ತೆ ಅಕಸ್ಮಾತ್ ಅತ್ತ ಹೋಗಿದ್ದರೆ? ಅವರು ಸೀದಾ ಕಟ್ಟೆಯ ಬಳಿ ಹೋಗಿ ಎರಡೂ ಕೈ ಊರಿದರು.

"ಮೇಡಂ, ನನ್ನ ಹೆಸರೇ ಕೂಗಿ. ಊರಿನ ಹೆಸರೂ ಕೂಗಿ, ಬೀದಿ ಹೆಸರೂ ಕೂಗಿ, ಮನೆ ನಂಬರೂ ಕೂಗಿ. ಅಡ್ರೆಸ್ಸಪ್ಪ ಅಂತ ಕರೀತಾರೆ, ಅದನ್ನೂ ಕೂಗಿ. ಗೈಡ್ ಅಲ್ಲ, ಏನೂ ಅಲ್ಲ, ಈ ಊರಿನ ತಲೆಬುಡ ಗೊತ್ತಿಲ್ಲ ಇವನಿಗೆ ಅಂತಾನೂ ಕೂಗಿ. ಹೇಗಾದ್ರೂ ಮಾಡಿ ಅವರನ್ನ ಕರೆಸಿ."

ನಿವೃತ್ತ ಮೇಷ್ಟರೊಬ್ಬರು ಇನ್ನೊಬ್ಬರಿಗೆ, "ಹಾಗಾದ್ರೆ ಆ ತೆರಿಗೆ ವಿಷಯ?" ಎಂದರು.

ಅಧಿಕಾರಿ ಮೈಕಿನ ಗುಂಡಿ ಒತ್ತುವಷ್ಟರಲ್ಲಿ, ಗಂಟಲು ಆರಿತೆಂದು ಚಹಾ ಕುಡಿಯಲು ಹೋಗಿದ್ದ ಒಬ್ಬ ಅತ್ತೆ ಬಾಯಿ ಒರೆಸಿಕೊಳ್ಳುತ್ತ ಬಂದರು. "ಏನ್ರೀ, ಹಿತ್ತಲ ಕ್ಯಾಂಟೀನಿನಲ್ಲಿ ಒಬ್ಬ ಹೆಂಗಸು ನಿಮ್ಮನ್ನ ಹಿಗ್ಗಾಮುಗ್ಗಾ ಬೈತಾ ಇದಾರಲ್ಲ! ಮೈಕಲ್ಲಿ ಕೂಗಿಸಿದ ಅಳಿಯ ಎಂಥಾ ಮನುಷ್ಯ ಅಂತ. ಅಬ್ಬಾ, ಏನು ಬಾಯಿ! ಕಂದು ಶಾಲು ಹೊದ್ಕೊಂಡಿದಾರೆ."

"ಕಂದು!" ಎಂದು ಕೂಗಿ ಅಡ್ರೆಸ್ಸಪ್ಪನವರು ಓಡಿದರು. ಹಿಂದೆ ಭಾವನವರು, ಅವರ ಹಿಂದೆ ಅತ್ತೆಯರು, ಅಳಿಯಂದಿರು, ಪ್ರವಾಸಿಗಳು. ದೊರೆಯ ಆಳುಕಾಳುಗಳು ಓಡಾಡಲೆಂದು ಕಟ್ಟಿದ ಇಕ್ಕಟ್ಟಾದ ಹಿಂದಿನ ಮೆಟ್ಟಿಲುಗಳಲ್ಲಿ ಅಂಥ ಮೆರವಣಿಗೆ ದೊರೆಯ ಕಾಲದಲ್ಲೂ ಇಳಿದಿರಲಾರದು.

ಹಿತ್ತಲಿನಲ್ಲಿ ತಗಡಿನ ಚಾವಣಿಯ ಕೆಳಗೆ ಅಡುಗೆಯಾಕೆಯೊಬ್ಬಳು ಬಟಾಣಿ ಸುಲಿಯುತ್ತಿದ್ದಳು. ಅವಳ ಎದುರಿಗೆ ಮಣೆ ಹಾಕಿಕೊಂಡು ಅತ್ತೆಯೂ ಬಟಾಣಿ ಸುಲಿಯುತ್ತಿದ್ದರು. ಬಾಗಿಲಿಗೆ ಬೆನ್ನು ಮಾಡಿದ್ದ ಅವರ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಪಾಪ ಕಣಮ್ಮಾ, ಯಾರ ಅತ್ತೆಯೋ ಏನೋ. ಇಷ್ಟು ದೊಡ್ಡ ಬಂಗಲೇಲಿ ಆಕೆ ಎಲ್ಲಿ ಅಂತ ಅಲೀತಾ ಇದಾಳೋ. ಅಂಥಾ ಅಳಿಯನ್ನ ಏನಂತ ಅನ್ನೋದು? ಕಳೆದದ್ದೂ ಅಲ್ದೆ ಅಳ್ತಾ ಬೇರೆ ಕೂತಿದಾನಂತೆ, ಎದ್ದು ಹುಡುಕೋದು ಬಿಟ್ಟು. ನಮ್ಮ ಅಳಿಯಂದ್ರು ಹಾಗಲ್ಲಪ್ಪ. ಮಾತು ಜಾಸ್ತಿ, ಒಪ್ಪಿಕೊಳ್ತೀನಿ. ಆದ್ರೆ ನನಗೆ ಜ್ವರ ಬಂದಾಗ ರಾತ್ರಿ ಎಲ್ಲಾ ಎದ್ದು ಕೂತಿದ್ರು. ಮಗಳು ಮಲಗಿಬಿಟ್ಟಿದ್ಲು."

ಅಡ್ರೆಸ್ಸಪ್ಪನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅತ್ತೇ..." ಎಂದರು. ಹತ್ತಾರು ಹೆಂಗಸರು ಒಟ್ಟಿಗೆ "ಏನು?" ಎಂದರು.

ಅತ್ತೆ ತಿರುಗಿದರು. "ಬಂದ್ರಾ? ನೀವು ಆ ಜನಕ್ಕೆ ತೊಟ್ಟಿ ತೋರಿಸ್ತಾ ಇದ್ರಿ, ನನಗೆ ಕಾಲು ನೋವು ಬಂತು, ಇಲ್ಲಿ ಬಂದು ಕೂತೆ. ಇವರು ಯಾರು ಇಷ್ಟೊಂದು ಜನ? ಏನೋ, ನೀನೂ ಬಂದಿದೀಯ? ಅಂದ ಹಾಗೆ, ಆ ಕಳೆದುಹೋದ ಹೆಂಗಸು ಸಿಕ್ಕಿದ್ಲಾ?"

ಅಡ್ರೆಸ್ಸಪ್ಪನವರು ಚೌಕಟ್ಟು ಬಿಟ್ಟು ಹತ್ತಿರ ಬಂದರು. "ಸಿಕ್ಕಿದ್ರು ಅತ್ತೆ. ಈಗ ತಾನೆ."

"ಸದ್ಯ" ಎಂದರು ಅತ್ತೆ. ಕೊನೆಯ ಬಟಾಣಿ ಕಾಯನ್ನು ಸುಲಿದು ಕಾಳನ್ನು ಪಾತ್ರೆಗೆ ಹಾಕಿದರು.

ಊರುಗೋಲಿನ ಅತ್ತೆಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ವಿಷಯವನ್ನು ಬುಡದಿಂದ ಬಿಡಿಸಿ ಹೇಳಿದರು. ಅತ್ತೆ ಎಲ್ಲವನ್ನೂ ಕೇಳಿ, ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕುವಷ್ಟು ನಕ್ಕರು.

ಮುಂಬಾಗಿಲಿಗೆ ಬಂದಾಗ ಅಧಿಕಾರಿ ಸಂತೋಷದಿಂದ ಎದ್ದು ನಿಂತರು. ಆದರೆ ನಿಯಮ ನಿಯಮವೇ. "ಸಿಕ್ಕಿದಾರೆ ಅಂತ ಬರ್ಕೋಬೇಕು. ಈಗಲಾದ್ರೂ ಹೆಸರು ಹೇಳ್ರಮ್ಮ."

ಅತ್ತೆಗೆ ನಾಚಿಕೆಯಾಯಿತು. ಸುತ್ತ ನೋಡಿ, ಅಳಿಯನನ್ನು ಹತ್ತಿರಕ್ಕೆ ಕರೆದು, ಅವರ ಕಿವಿಯಲ್ಲಿ ಹೇಳಿದರು. ಅಷ್ಟು ಗುಟ್ಟಾಗಿ ಹೇಳಿದ್ದನ್ನು ನಾವು ಇಲ್ಲಿ ಬರೆದು ಬಯಲು ಮಾಡುವುದು ಸಭ್ಯತೆಯಲ್ಲ.

"ಎಷ್ಟು ಚೆನ್ನಾಗಿದೆ ಅತ್ತೆ!" ಎಂದರು ಅಡ್ರೆಸ್ಸಪ್ಪನವರು, ನಿಜವಾಗಿಯೂ ಬೆರಗಾಗಿ.

"ಯಾರೂ ಬಳಸಿಲ್ಲ ನೋಡಿ. ಹೊಸದಾಗೇ ಉಳಿದಿದೆ."

ಭಾವನವರು ಕಾರಿನ ಬಾಗಿಲು ತೆಗೆದು ನಿಂತರು. "ಬಾ ಅಮ್ಮ. ಇನ್ನು ನೀನು ಇಲ್ಲೇ ಇರ್ತೀಯ. ಒಂದೇ ದಿನದಲ್ಲಿ ನಿನ್ನನ್ನ ಕಳೆದುಬಿಟ್ಟಿದ್ರು ಇವರು."

"ಯಾವ ಊರಲ್ಲಿ ಕಳೆದ್ರು?"

"ಯಾವ ಊರಲ್ಲಿ ಅಂದ್ರೆ? ಇಲ್ಲಿ!"

"ಅಲ್ಲಿ ಹನ್ನೊಂದು ವರ್ಷ ಇದ್ದೆ. ಒಂದು ದಿನಾನೂ ಕಳೆದುಹೋಗಿಲ್ಲ. ಇಲ್ಲಿಗೆ ಬಂದು ಅರ್ಧ ದಿನ ಆಗಿಲ್ಲ, ಮೈಕಲ್ಲಿ ಕೂಗಿಸೋ ಹಾಗಾಯ್ತು. ಇಂಥಾ ಅಪಾಯದ ಊರಲ್ಲಿ ಹೆತ್ತ ತಾಯಿ ಇರ್ಲಿ ಅಂತೀಯಲ್ಲೋ! ನಿಮ್ಮ ಕಂಪನಿಯವರು ನಿನಗೆ ಇದನ್ನೇನಾ ಕಲಿಸಿರೋದು?"

ಹಡಗುಗಳ ಭವಿಷ್ಯವನ್ನೇ ಹೇಳಬಲ್ಲ ಭಾವನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು, ಲೆಕ್ಕ ತಾಯಿಯ ಕಡೆಗೇ ಬಂತು. ಅತ್ತೆಯರ ಸಮೂಹ "ಸರಿಯಾಗಿ ಹೇಳಿದ್ರಿ!" ಎಂದಿತು.

"ನಿಮ್ಮ ಮನೇಲಿ ಊಟ ಮಾಡ್ತೀನಿ. ಸೊಸೆ ಮುಖ ನೋಡ್ತೀನಿ. ರಾತ್ರಿ ರೈಲಿಗೆ ನಾವು ಹೊರಟೆವು" ಎಂದರು ಅತ್ತೆ.

ಅಡ್ರೆಸ್ಸಪ್ಪನವರು ಮುಖವನ್ನು ಕಲ್ಲಿನ ಸಿಂಹದ ಕಡೆ ತಿರುಗಿಸಿಕೊಂಡರು. ಮೈಕಿನಲ್ಲಿ ಹೇಳಿದ್ದ ಸುಳ್ಳು ಆಗ ನಿಜವಾಗುತ್ತಿತ್ತು.

ಊಟವಾಯಿತು. ಭಾವನವರೇ ನಿಲ್ದಾಣಕ್ಕೆ ಕರೆತಂದರು. ಜನಜಂಗುಳಿಯನ್ನು ನೋಡಿ ಅವರ ಕಸುಬು ಮತ್ತೆ ಎದ್ದು ಕುಳಿತಿತು. "ಭಾವ, ದಯವಿಟ್ಟು ಅಮ್ಮನ ಕೈ ಬಿಡಬೇಡಿ."

"ನೀನೇನೂ ಯೋಚನೆ ಮಾಡ್ಬೇಡ ಕಣೋ" ಎಂದರು ಅತ್ತೆ. ಅಳಿಯನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನಾನು ಇವರ ಕೈ ಬಿಡಲ್ಲ. ದೊಡ್ಡ ಊರು. ಪಾಪ, ಇವರಿಗೆ ಇಲ್ಲಿ ಒಂದು ದಾರೀನೂ ಗೊತ್ತಿಲ್ಲ."